ತೆಂಗಿನಮರಕ್ಕೆ ಬೆಲೆ ಉಂಟು, ಯಂತ್ರದ ಅಡಿಪಾಯಕ್ಕೆ ಇಲ್ಲ

ಭೂಸ್ವಾಧೀನ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ರೈತನ ಚಿತ್ರ. ಅದು ಸಹಜವೂ ಹೌದು, ನ್ಯಾಯವೂ ಹೌದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಪ್ರಸ್ತಾವವನ್ನು ರಾಜ್ಯ ಸರ್ಕಾರ 2025ರ ಜುಲೈ ತಿಂಗಳಲ್ಲಿ ಕೈಬಿಟ್ಟಿತು. ಅದರ ಹಿಂದೆ ಮೂರು ವರ್ಷಗಳಿಗೂ ಮೀರಿದ ಧರಣಿ ಇತ್ತು. ಅಲ್ಲಿ ಕಳೆದುಕೊಳ್ಳಬೇಕಾಗಿದ್ದವನು ರೈತ, ಪಡೆಯಬೇಕಾಗಿದ್ದದ್ದು ಕೈಗಾರಿಕೆ. ನಮ್ಮ ಚರ್ಚೆಗಳೆಲ್ಲ ಈ ಎರಡು ಪಾತ್ರಗಳನ್ನು ಹೀಗೆಯೇ ಕಾಯಂ ಮಾಡಿಬಿಟ್ಟಿವೆ. ಆದರೆ ಸ್ವಾಧೀನದ ನೋಟಿಸು ಕೆಲವೊಮ್ಮೆ ಕಾರ್ಖಾನೆಯ ಗೇಟಿಗೂ ಬಂದು ಅಂಟಿಕೊಳ್ಳುತ್ತದೆ. ರಸ್ತೆ ಅಗಲವಾಗಬೇಕು, ಮೆಟ್ರೊ ನಿಲ್ದಾಣ ಬರಬೇಕು, ಮೇಲ್ಸೇತುವೆ ಇಳಿಯಲು ಜಾಗ ಬೇಕು. ಆಗ ಕಳೆದುಕೊಳ್ಳುವವನು ಐದಾರು ಯಂತ್ರಗಳನ್ನೂ ಹತ್ತಿಪ್ಪತ್ತು ಕೆಲಸಗಾರರನ್ನೂ ಇಟ್ಟುಕೊಂಡ ಸಣ್ಣ ಉದ್ಯಮಿ. ಅವನ ಪರವಾಗಿ ಯಾರೂ ಧರಣಿ ಕೂರುವುದಿಲ್ಲ. ಅವನಿಗೆ ಸಿಗುವ ಪರಿಹಾರವನ್ನು ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ ಎಂಬುದು ಪತ್ರಿಕೆಯ ಸುದ್ದಿಯೂ ಆಗುವುದಿಲ್ಲ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿದ್ದವನು. ಅದರಲ್ಲಿ ಬಹುಪಾಲು ಕಳೆದದ್ದು ಸಣ್ಣ ಕೈಗಾರಿಕೆಗಳ ಸಾಲದ ವಿಭಾಗದಲ್ಲಿ. ಶೆಡ್ಡುಗಳನ್ನು ನೋಡುವುದು, ಯಂತ್ರಗಳ ಪಟ್ಟಿ ತಾಳೆ ಹಾಕುವುದು, ಮೌಲ್ಯಮಾಪಕರ ವರದಿ ಓದುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಆ ದಿನಗಳಲ್ಲಿ ನಮ್ಮ ಗ್ರಾಹಕರಾಗಿದ್ದ ಒಬ್ಬರು ಬೆಂಗಳೂರಿನ ಹೊರವಲಯದ ಕೈಗಾರಿಕಾ ಬಡಾವಣೆಯೊಂದರಲ್ಲಿ ವಾಹನಗಳ ಬಿಡಿಭಾಗ ತಯಾರಿಸುತ್ತಿದ್ದರು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅವರ ಮುಂದಿನ ರಸ್ತೆಯನ್ನು ಅಗಲಗೊಳಿಸಲು ಶೆಡ್ಡಿನ ಮುಂಭಾಗದ ಇಪ್ಪತ್ತೆರಡು ಅಡಿ ಜಾಗವನ್ನು ಸರ್ಕಾರ ವಶಪಡಿಸಿಕೊಂಡಿತು. ಪರಿಹಾರದ ಐತೀರ್ಪು ಕೈಗೆ ಬಂದ ದಿನ ಅವರು ಅದನ್ನು ಹಿಡಿದುಕೊಂಡು ನೇರವಾಗಿ ನನ್ನ ಮೇಜಿನ ಬಳಿಗೆ ಬಂದರು. 'ಸಾರ್, ಸಾಲ ಕೊಡುವಾಗ ನೀವು ನನ್ನ ಜಾಗಕ್ಕೆ ಒಂದು ಬೆಲೆ ಕಟ್ಟಿದಿರಿ. ತಗೊಳ್ಳುವಾಗ ಸರ್ಕಾರ ಇನ್ನೊಂದು ಬೆಲೆ ಕಟ್ಟಿದೆ. ಎರಡರಲ್ಲಿ ಸುಳ್ಳು ಯಾವುದು?' ಎಂದು ಕೇಳಿದರು.

ಐತೀರ್ಪಿನ ಹಾಳೆಗಳನ್ನು ನಾನು ಅಂದು ಗಮನವಿಟ್ಟು ಓದಿದೆ. ನೆಲಕ್ಕೆ ಉಪನೋಂದಣಾಧಿಕಾರಿ ಕಚೇರಿಯ ದರದ ಆಧಾರದಲ್ಲಿ ಚದರಡಿಗಿಷ್ಟು ಎಂದು ಬೆಲೆ ಹಾಕಲಾಗಿತ್ತು. ಶೆಡ್ಡಿಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಲೆಕ್ಕ ಹಾಕಿ, ವರ್ಷಕ್ಕಿಷ್ಟೆಂದು ಸವಕಳಿ ಕಳೆಯಲಾಗಿತ್ತು. ಕಾಂಪೌಂಡಿಗೆ ಮೀಟರಿನ ಲೆಕ್ಕ. ಗೇಟಿನ ಪಕ್ಕದಲ್ಲಿದ್ದ ಎರಡು ತೆಂಗಿನಮರಗಳಿಗೆ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರದ ಮೇಲೆ, ವಯಸ್ಸು ಇಳುವರಿ ಎಲ್ಲವನ್ನೂ ನೋಡಿ, ಬೆಲೆ ಕಟ್ಟಲಾಗಿತ್ತು. ಆದರೆ ಅದೇ ಇಪ್ಪತ್ತೆರಡು ಅಡಿಯೊಳಗೆ 160 ಟನ್ನಿನ ಪವರ್ ಪ್ರೆಸ್ ಒಂದಿತ್ತು. ಆಳಕ್ಕೆ ಅಗೆದು ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿದ ಅದರ ಅಡಿಪಾಯವಿತ್ತು. ಟ್ರಾನ್ಸ್‌ಫಾರ್ಮರ್ ಕೂರಿಸಿದ ಕಟ್ಟೆಯಿತ್ತು. ಈ ಮೂರರ ಬಗ್ಗೆ ಐತೀರ್ಪಿನಲ್ಲಿ ಇದ್ದದ್ದು ಒಂದೇ ಮಾತು: ಯಂತ್ರೋಪಕರಣಗಳು ಚರ ಸ್ವತ್ತಾದ್ದರಿಂದ ಮಾಲೀಕರು ತೆಗೆದುಕೊಂಡು ಹೋಗತಕ್ಕದ್ದು.

ತೆಗೆದುಕೊಂಡು ಹೋಗುವುದು ಎಲ್ಲಿಗೆ? ಹಿಂದೆ ಉಳಿದ ಶೆಡ್ಡಿನಲ್ಲಿ ಅದಕ್ಕೆ ಎತ್ತರವಿರಲಿಲ್ಲ. ಲಾರಿ ತಿರುಗಿಸಲು ಅಂಗಳ ಉಳಿದಿರಲಿಲ್ಲ. ಬೇರೆ ಕಡೆ ಶೆಡ್ಡು ಹುಡುಕಿದರೆ ಅಷ್ಟು ಸಾಮರ್ಥ್ಯದ ವಿದ್ಯುತ್ ಸಂಪರ್ಕಕ್ಕೆ ಹೊಸ ಅರ್ಜಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಸಮ್ಮತಿ, ಹೊಸ ಅಡಿಪಾಯ. ಅಷ್ಟರೊಳಗೆ ಬಿಡಿಭಾಗ ಕೊಳ್ಳುತ್ತಿದ್ದ ದೊಡ್ಡ ಕಂಪನಿ ಬೇರೊಬ್ಬ ಪೂರೈಕೆದಾರನನ್ನು ಹುಡುಕಿಕೊಂಡಿರುತ್ತದೆ. ಹೀಗೆ ಹೋದ ಆರ್ಡರು ಮರಳಿ ಬರುವುದು ಅಪರೂಪವೆಂದು ಸಣ್ಣ ಕೈಗಾರಿಕೆಯನ್ನು ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ.

ಈ ಅನ್ಯಾಯಕ್ಕೆ ಕಾನೂನೇ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ಕಾನೂನನ್ನು ಓದಿದಾಗ ಆಶ್ಚರ್ಯವಾಯಿತು. ಬ್ರಿಟಿಷರು ಮಾಡಿದ 1894ರ ಭೂಸ್ವಾಧೀನ ಕಾಯ್ದೆಯೇ 'ಭೂಮಿ' ಎಂಬ ಪದಕ್ಕೆ ಅರ್ಥ ಹೇಳುವಾಗ, ನೆಲಕ್ಕೆ ಅಂಟಿಕೊಂಡ ವಸ್ತುಗಳನ್ನೂ, ಹಾಗೆ ಅಂಟಿಕೊಂಡದ್ದಕ್ಕೆ ಶಾಶ್ವತವಾಗಿ ಬಿಗಿದ ವಸ್ತುಗಳನ್ನೂ ಅದರಲ್ಲಿ ಸೇರಿಸಿತ್ತು. ಕಾಂಕ್ರೀಟಿನಲ್ಲಿ ಹೂತ ಬೋಲ್ಟುಗಳಿಗೆ ಬಿಗಿದ ಪ್ರೆಸ್ಸು ಈ ಮಾತಿನ ಹೊರಗೆ ಉಳಿಯುವುದು ಹೇಗೆ? ಇನ್ನೂ ಸ್ವಾರಸ್ಯದ ಸಂಗತಿಯಿದೆ. ಕಾನ್ಪುರದ ಗೊಬ್ಬರದ ಕಾರ್ಖಾನೆಯೊಂದು ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗಾವಣೆಯಾದಾಗ ಯಂತ್ರಗಳ ಬೆಲೆಯ ಮೇಲೂ ಮುದ್ರಾಂಕ ಶುಲ್ಕ ಕೊಡಬೇಕೆಂದು ಉತ್ತರ ಪ್ರದೇಶ ಸರ್ಕಾರ ಪಟ್ಟು ಹಿಡಿಯಿತು. ನೆಲದಲ್ಲಿ ಶಾಶ್ವತವಾಗಿ ನೆಟ್ಟ ಸ್ಥಾವರಗಳು ಸ್ಥಿರ ಸ್ವತ್ತೇ ಹೌದು ಎಂದು ಸುಪ್ರೀಂ ಕೋರ್ಟು 1999ರ ಡಿಸೆಂಬರಿನಲ್ಲಿ ಸರ್ಕಾರದ ವಾದವನ್ನು ಒಪ್ಪಿತು. ಎಲ್ಲ ಯಂತ್ರಗಳಿಗೂ ಈ ಮಾತು ಅನ್ವಯಿಸುವುದಿಲ್ಲ, ಮೇಜಿನ ಮೇಲಿನ ಕೊರೆಯುವ ಯಂತ್ರವನ್ನು ಸ್ಥಿರ ಸ್ವತ್ತು ಎನ್ನಲಾಗದು. ಆದರೆ ಶುಲ್ಕ ವಸೂಲು ಮಾಡುವಾಗ ಸ್ಥಿರವಾದ ಯಂತ್ರ, ಪರಿಹಾರ ಕೊಡುವಾಗ ಚರವಾಗುವುದು ಯಾವ ನ್ಯಾಯ?

ಅಷ್ಟೇ ಅಲ್ಲ. ಹಳೆಯ ಕಾಯ್ದೆಯ 23ನೇ ಕಲಂ ನೆಲದ ಮಾರುಕಟ್ಟೆ ಬೆಲೆಯ ಜೊತೆಗೆ ಬೇರೆ ನಷ್ಟಗಳನ್ನೂ ಎಣಿಸಿತ್ತು. ಜಾಗವನ್ನು ತುಂಡರಿಸುವುದರಿಂದ ಉಳಿದ ಭಾಗಕ್ಕಾಗುವ ಹಾನಿ, ಸ್ವಾಧೀನದಿಂದ ಮಾಲೀಕನ ಇತರ ಸ್ವತ್ತಿಗೆ ಅಥವಾ ಗಳಿಕೆಗೆ ಆಗುವ ಧಕ್ಕೆ, ವ್ಯವಹಾರದ ಸ್ಥಳ ಬದಲಿಸಲು ತಗಲುವ ವೆಚ್ಚ, ಘೋಷಣೆಯ ದಿನದಿಂದ ವಶಕ್ಕೆ ತೆಗೆದುಕೊಳ್ಳುವ ದಿನದವರೆಗೆ ಲಾಭದಲ್ಲಾದ ಇಳಿಕೆ ಇವೆಲ್ಲವೂ ಅಲ್ಲಿವೆ. ಆ ಕಾಯ್ದೆಯ ಜಾಗದಲ್ಲಿ ಬಂದ 2013ರ ಕಾಯ್ದೆಯ 28ನೇ ಕಲಂ ಇವನ್ನು ಉಳಿಸಿಕೊಂಡು, ನ್ಯಾಯದ ದೃಷ್ಟಿಯಿಂದ ಯೋಗ್ಯವೆನಿಸುವ ಬೇರೆ ಯಾವುದೇ ಕಾರಣವನ್ನೂ ಪರಿಗಣಿಸಬಹುದೆಂದು ಒಂದು ಬಾಗಿಲನ್ನು ಹೆಚ್ಚಾಗಿಯೇ ತೆರೆದಿದೆ. ಎರಡೂ ಕಾಯ್ದೆಗಳಲ್ಲಿ ಇನ್ನೊಂದು ಮಾತು ಉಂಟು. ಮನೆ, ಕಾರ್ಖಾನೆ ಅಥವಾ ಕಟ್ಟಡದ ಒಂದು ತುಂಡನ್ನು ಮಾತ್ರ ತೆಗೆದುಕೊಳ್ಳಲು ಹೊರಟಾಗ, ತೆಗೆದುಕೊಳ್ಳುವುದಾದರೆ ಇಡಿಯಾಗಿ ತೆಗೆದುಕೊಳ್ಳಿ ಎಂದು ಮಾಲೀಕ ಕೇಳಬಹುದು. ಕಾರ್ಖಾನೆ ಎಂಬ ಮಾತನ್ನು ಕಾನೂನು ಹೆಸರಿಟ್ಟು ಹೇಳಿದೆ. ನಮ್ಮ ಆ ಗ್ರಾಹಕರಿಗೆ ಇದು ಗೊತ್ತಿರಲಿಲ್ಲ. ನೋಟಿಸು ಕೊಟ್ಟವರು ಹೇಳಲಿಲ್ಲ. ಅವರಿಗೆ ಸಾಲ ಕೊಟ್ಟ ನನಗೂ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಕೈಗಾರಿಕಾ ನೆಲದ ಪರಿಹಾರದಲ್ಲಿ ನಮಗಿರುವ ಕೊರತೆ ಕಾನೂನಿನದಕ್ಕಿಂತ ಹೆಚ್ಚಾಗಿ ಲೆಕ್ಕ ಹಾಕುವ ಅಭ್ಯಾಸದ್ದು. ಜಮೀನಿಗೆ ಬೆಲೆ ಕಟ್ಟಿ ರೂಢಿಯಾದ ಕೈ ಕಾರ್ಖಾನೆಗೂ ಜಮೀನಿನ ಲೆಕ್ಕವನ್ನೇ ಹಾಕುತ್ತದೆ. ಜಮೀನಿನಲ್ಲಿ ಕಾಣುವುದು ಮಣ್ಣು, ಮರ, ಬಾವಿ, ಕಟ್ಟಡ. ಆದ್ದರಿಂದ ಕಾರ್ಖಾನೆಯಲ್ಲೂ ಕಣ್ಣಿಗೆ ಬೀಳುವುದು ಅಷ್ಟೇ.

ನೆಲದ ಬೆಲೆಯ ವಿಚಾರಕ್ಕೆ ಬಂದರೂ ಕೈಗಾರಿಕಾ ನಿವೇಶನದ ಸ್ಥಿತಿ ವಿಚಿತ್ರವಾದದ್ದು. ಮಾರುಕಟ್ಟೆ ಬೆಲೆ ಎಂದರೆ, ಮಾರಲು ಮನಸ್ಸಿರುವವನಿಗೆ ಕೊಳ್ಳಲು ಮನಸ್ಸಿರುವವನು ಕೊಡುವ ಬೆಲೆ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಅದನ್ನು ಕಂಡುಹಿಡಿಯಲು ಆಸುಪಾಸಿನ ಕ್ರಯಪತ್ರಗಳನ್ನು ನೋಡಬೇಕು. ಆದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಂಚಿದ ನಿವೇಶನಗಳಲ್ಲಿ ಬಹಳಷ್ಟು ಮೊದಲು ಗುತ್ತಿಗೆಯ ಮೇಲೆ ಕೊಟ್ಟಂಥವು, ಕ್ರಯಪತ್ರ ಆಗುವುದು ಷರತ್ತುಗಳೆಲ್ಲ ಪೂರೈಸಿದ ಮೇಲೆ. ಪರಭಾರೆಗೂ ಮಂಡಳಿಯ ಒಪ್ಪಿಗೆ ಬೇಕು. ಹೀಗಾಗಿ ಕೈಗಾರಿಕಾ ಬಡಾವಣೆಯಲ್ಲಿ ಹೋಲಿಸಿ ನೋಡಲು ಕ್ರಯಪತ್ರಗಳೇ ವಿರಳ. ಆಗ ಅಧಿಕಾರಿಯ ಕೈ ಸಹಜವಾಗಿ ಮಾರ್ಗಸೂಚಿ ದರದ ಪುಸ್ತಕದ ಕಡೆಗೆ ಹೋಗುತ್ತದೆ. ಆ ಪುಸ್ತಕ ಇರುವುದು ಮುದ್ರಾಂಕ ಶುಲ್ಕದ ವಸೂಲಿಗಾಗಿ.

ನನ್ನ ಗ್ರಾಹಕರ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರವಿದೆ. ಬ್ಯಾಂಕಿಗೆ ಬರುವ ಮೌಲ್ಯಮಾಪಕರ ವರದಿಯಲ್ಲಿ ಒಂದೇ ಸ್ವತ್ತಿಗೆ ಹಲವು ಬೆಲೆಗಳಿರುತ್ತವೆ. ಪೇಟೆಯ ಬೆಲೆ ಒಂದು, ಅವಸರದಲ್ಲಿ ಮಾರಿದರೆ ಬರುವ ಬೆಲೆ ಒಂದು, ಮಾರ್ಗಸೂಚಿ ಬೆಲೆ ಇನ್ನೊಂದು. ಬ್ಯಾಂಕು ಸರ್ಕಾರದ್ದೇ. ಸಾಲ ಕೊಡುವಾಗ ಅದು ಮೊದಲನೆಯ ಬೆಲೆಯನ್ನು ನಂಬುತ್ತದೆ. ಸ್ವಾಧೀನದ ಕಚೇರಿಯೂ ಸರ್ಕಾರದ್ದೇ. ಅದು ಮೂರನೆಯ ಬೆಲೆಯನ್ನು ನಂಬುತ್ತದೆ. ಉತ್ತರದ ಇನ್ನರ್ಧವನ್ನು ನಾವು ಮಧ್ಯಮವರ್ಗದವರು ನಾಚಿಕೆಯಿಂದ ಹೇಳಬೇಕಾಗುತ್ತದೆ. ಮನೆಯೋ ನಿವೇಶನವೋ ಕೊಳ್ಳುವಾಗ ನಮ್ಮಲ್ಲಿ ಎಷ್ಟು ಜನ ಪೂರ್ತಿ ಹಣವನ್ನು ಪತ್ರದಲ್ಲಿ ಬರೆಸಿದ್ದೇವೆ? ಒಂದಷ್ಟು ಚೆಕ್ಕಿನಲ್ಲಿ, ಒಂದಷ್ಟು ಚೀಲದಲ್ಲಿ ಎಂಬುದು ಊರಿಗೆಲ್ಲ ತಿಳಿದ ಪದ್ಧತಿ. ಶುಲ್ಕ ಉಳಿಸಲು ನಾವು ಬರೆಸಿದ ಆ ಸುಳ್ಳು ಬೆಲೆಯೇ ಮುಂದೆ ನೆರೆಯವನ ಜಾಗದ ಸ್ವಾಧೀನದಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಅಧಿಕಾರಿಯನ್ನು ಬೈಯುವ ಮೊದಲು ಇದನ್ನೂ ನೆನೆಯಬೇಕು.

2013ರ ಕಾಯ್ದೆ ಈ ರೋಗವನ್ನು ಗುರುತಿಸಿದೆ. ಮುದ್ರಾಂಕ ಶುಲ್ಕದ ದರ, ಆಸುಪಾಸಿನ ಮಾರಾಟಗಳ ಸರಾಸರಿ ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು ಎನ್ನುತ್ತದೆ. ಸರಾಸರಿ ತೆಗೆಯುವಾಗಲೂ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ನಮೂದಾದ ಅರ್ಧವನ್ನು ಮಾತ್ರ ನೋಡಬೇಕು. ಅದಕ್ಕೂ ಮುಖ್ಯವಾಗಿ, ಸ್ವಾಧೀನದ ಪ್ರಕ್ರಿಯೆ ಆರಂಭಿಸುವ ಮೊದಲೇ ಆ ಪ್ರದೇಶದ ದರವನ್ನು ಪರಿಷ್ಕರಿಸಲು ಜಿಲ್ಲಾಧಿಕಾರಿ ಕ್ರಮ ಕೈಗೊಳ್ಳಬೇಕೆಂದು ಹೇಳಿದೆ. ಬಲವಂತದ ಸ್ವಾಧೀನಕ್ಕಾಗಿ ಕೊಡುವ ಸೊಲೇಷಿಯಂ ಎಂಬ ಸಾಂತ್ವನ ಧನ ಮೊದಲು ಶೇ 15 ಇದ್ದದ್ದು 1984ರ ತಿದ್ದುಪಡಿಯಿಂದ ಶೇ 30 ಆಗಿತ್ತು. ಅದು ಈಗ ಶೇ 100. ಗ್ರಾಮಾಂತರದಲ್ಲಿ ನೆಲದ ಬೆಲೆಯನ್ನು ಎರಡು ಪಟ್ಟಿನವರೆಗೆ ಗುಣಿಸುವ ಅವಕಾಶವಿದೆ, ನಗರದಲ್ಲಿ ಒಂದೇ ಪಟ್ಟು. ಸಾಂತ್ವನ ಧನವನ್ನು ನೆಲಕ್ಕೆ ಮಾತ್ರವಲ್ಲದೆ ನೆಲಕ್ಕೆ ಅಂಟಿಕೊಂಡ ಸ್ವತ್ತುಗಳ ಮೌಲ್ಯಕ್ಕೂ ಸೇರಿಸಿ ಲೆಕ್ಕ ಹಾಕುವುದರಿಂದ, ಆ ಪ್ರೆಸ್ಸಿನ ಅಡಿಪಾಯ ಪಟ್ಟಿಯಲ್ಲಿ ಸೇರುತ್ತದೋ ಇಲ್ಲವೋ ಎಂಬುದು ಈಗ ಇಮ್ಮಡಿ ಹಣದ ಪ್ರಶ್ನೆ.

ಆದರೆ ಎಲ್ಲ ಸ್ವಾಧೀನವೂ ಈ ಕಾಯ್ದೆಯ ದಾರಿಯಲ್ಲಿ ನಡೆಯುವುದಿಲ್ಲ. ನಮ್ಮ ರಾಜ್ಯದಲ್ಲಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಇದೆ. ಬೆಂಗಳೂರಿನ ಮೆಟ್ರೊಗೆ ಬೇಕಾದ ನೆಲವನ್ನು ಕೂಡ ಬಹುಮಟ್ಟಿಗೆ ಇದೇ ಕಾಯ್ದೆಯಡಿ ವಶಪಡಿಸಿಕೊಳ್ಳಲಾಗಿದೆ. ನೂರು ವರ್ಷದ ಮನೆಯನ್ನೂ ಕಿರಾಣಿ ಅಂಗಡಿಯನ್ನೂ ಮೊದಲು 'ಕೈಗಾರಿಕಾ ಪ್ರದೇಶ' ಎಂದು ಘೋಷಿಸಿ ಆಮೇಲೆ ವಶಪಡಿಸಿಕೊಳ್ಳುವ ಈ ಸೋಜಿಗ ಎಷ್ಟು ಜನರ ಗಮನಕ್ಕೆ ಬಂದಿದೆಯೋ ಕಾಣೆ. ಪರಿಹಾರ ನಿರ್ಣಯದ ಕ್ರಮವನ್ನು ಈ ಕಾಯ್ದೆ 1894ರ ಕಾಯ್ದೆಯಿಂದ ಎರವಲು ಪಡೆದಿತ್ತು. ಎರವಲು ಕೊಟ್ಟ ಕಾಯ್ದೆ 2014ರ ಜನವರಿ 1ರಿಂದ ರದ್ದಾಯಿತು, ಎರವಲಿನ ಪಾತ್ರೆ ಮಾತ್ರ ನಮ್ಮ ಅಡುಗೆಮನೆಯಲ್ಲಿ ಉಳಿಯಿತು. ರಾಷ್ಟ್ರೀಯ ಹೆದ್ದಾರಿಗಾದರೆ 1956ರ ಇನ್ನೊಂದು ಕಾಯ್ದೆ. ಅದರಡಿ ಸಾಂತ್ವನ ಧನವನ್ನೂ ಬಡ್ಡಿಯನ್ನೂ ನಿರಾಕರಿಸಿದ್ದ ಕಲಮನ್ನು ಸುಪ್ರೀಂ ಕೋರ್ಟು 2019ರಲ್ಲಿ ಅಸಿಂಧುಗೊಳಿಸಿತು. ಒಂದೇ ರಸ್ತೆಯ ಎಡಬಲದ ಎರಡು ಶೆಡ್ಡುಗಳಿಗೆ, ವಶಪಡಿಸಿಕೊಳ್ಳುವ ಸಂಸ್ಥೆ ಯಾವುದು ಎಂಬುದರ ಮೇಲೆ ಬೇರೆ ಬೇರೆ ಪರಿಹಾರ ಬರುವುದು ಸರಿಯಲ್ಲವೆಂದು ನಾಗಪುರ ಸುಧಾರಣಾ ಟ್ರಸ್ಟಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 1972ರಷ್ಟು ಹಿಂದೆಯೇ ಹೇಳಿತ್ತು. ಅರ್ಧ ಶತಮಾನ ಕಳೆದರೂ ಆ ಮಾತು ನಮ್ಮ ಕಚೇರಿಗಳಿಗೆ ಪೂರ್ತಿಯಾಗಿ ತಲಪಿಲ್ಲ.

ಬೆಲೆಯಷ್ಟೇ ಮುಖ್ಯವಾದದ್ದು ಬೆಲೆಯ ದಿನಾಂಕ. ಹಳೆಯ ಪದ್ಧತಿಯಲ್ಲಿ ಪ್ರಾಥಮಿಕ ಅಧಿಸೂಚನೆಯ ದಿನ ಇದ್ದ ಬೆಲೆಯೇ ಬೆಲೆ. ಹಣ ಕೈಗೆ ಬರುವುದು ಯಾವಾಗಲೋ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಯ ಕತೆ ಇದಕ್ಕೆ ಒಳ್ಳೆಯ ನಿದರ್ಶನ. 1966ರ ಕಾಯ್ದೆಯಡಿ 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. 2005ರಲ್ಲಿ ನೆಲ ಸರ್ಕಾರದ ವಶವಾಯಿತು. ನಿವೇಶನ ಕಳೆದುಕೊಂಡ ಕೆಲವರಿಗೆ ಪರಿಹಾರದ ಐತೀರ್ಪು ಆದದ್ದು 2019ರ ಏಪ್ರಿಲ್ 22ರಂದು. ಅದೂ ನ್ಯಾಯಾಂಗ ನಿಂದನೆಯ ಪ್ರಕರಣ ಹೂಡಿದ ಮೇಲೆ. 2003ರ ಬೆಲೆ ಕೊಡುವುದು ಅನ್ಯಾಯವೆಂದು ಬಹುಶಃ ಅಧಿಕಾರಿಗೂ ಅನಿಸಿರಬೇಕು, ಅವರು ತಾವಾಗಿಯೇ 2011ರ ಮಾರ್ಗಸೂಚಿ ದರ ಹಿಡಿದರು. ಸುಪ್ರೀಂ ಕೋರ್ಟು 2025ರ ಜನವರಿ 2ರಂದು ತೀರ್ಪು ಕೊಡುತ್ತ, ದಿನಾಂಕ ಬದಲಿಸುವ ಅಧಿಕಾರ ಆ ಅಧಿಕಾರಿಗೆ ಇರಲಿಲ್ಲವೆಂದು ಹೇಳಿ, ಸಂವಿಧಾನದ 142ನೇ ವಿಧಿಯಡಿ ತನಗಿರುವ ಅಧಿಕಾರವನ್ನು ಬಳಸಿ 2019ರ ಏಪ್ರಿಲ್ 22ರಂದು ಇದ್ದ ಬೆಲೆಯಂತೆ ಹೊಸದಾಗಿ ಪರಿಹಾರ ನಿರ್ಣಯಿಸಲು ಆದೇಶಿಸಿತು. ಆಸ್ತಿಯ ಹಕ್ಕು 1978ರ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ 300ಎ ವಿಧಿಯಡಿ ಅದು ಸಂವಿಧಾನದ ಹಕ್ಕು ಎಂಬುದನ್ನು ನೆನಪಿಸಿತು. ಸಂತೋಷ. ಆದರೆ ಅಲ್ಲಿಯವರೆಗೆ ಹೋಗಲು ಬೇಕಾದ ವಕೀಲರೂ ತಾಳ್ಮೆಯೂ ಎಷ್ಟು ಜನ ಸಣ್ಣ ಉದ್ಯಮಿಗಳ ಬಳಿ ಇವೆ? ಮನೆ ಕಟ್ಟಲು ಇಟ್ಟುಕೊಂಡ ನಿವೇಶನ ಹೋದವನು ಕಾಯಬಲ್ಲ, ಕಷ್ಟದಿಂದಲಾದರೂ. ಯಂತ್ರ ನಿಂತವನು ಎರಡು ತಿಂಗಳು ಕಾಯಲಾರ. ಮೂರನೆಯ ತಿಂಗಳು ಅವನ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯನ್ನು ಬರೆದ ಕೈ ನನ್ನದೂ ಆದ್ದರಿಂದ ಹೇಳುತ್ತಿದ್ದೇನೆ.

ನಡೆಯುತ್ತಿರುವ ಉದ್ದಿಮೆಗೆ ಅದರ ಗೋಡೆ ನೆಲಗಳ ಮೊತ್ತಕ್ಕಿಂತ ಹೆಚ್ಚಿನ ಬೆಲೆಯಿದೆ ಎಂಬುದು ನಮ್ಮ ನ್ಯಾಯಾಂಗಕ್ಕೆ ಹೊಸ ವಿಚಾರವಲ್ಲ. 1939ರಲ್ಲಿಯೇ ಪ್ರಿವಿ ಕೌನ್ಸಿಲ್ ವಿಶಾಖಪಟ್ಟಣದ ಬಂದರಿನ ಬಳಿಯ ಒಂದು ಜಮೀನಿನ ಪ್ರಕರಣದಲ್ಲಿ ಮಹತ್ವದ ಮಾತು ಹೇಳಿತ್ತು. ಅಲ್ಲಿ ಸಿಹಿನೀರಿನ ಒಂದು ಒರತೆ ಇತ್ತು. ಆ ನೀರು ಬೇಕಾಗಿದ್ದದ್ದು ಬಂದರಿನವರಿಗೆ, ಜಮೀನನ್ನು ವಶಪಡಿಸಿಕೊಂಡವರೂ ಅವರೇ. ಕೊಳ್ಳಬಲ್ಲವನು ಒಬ್ಬನೇ ಆದರೂ, ಅವನೇ ವಶಪಡಿಸಿಕೊಳ್ಳುವವನಾದರೂ, ನೆಲದ ಆ ವಿಶೇಷ ಸಾಧ್ಯತೆಗೆ ಬೆಲೆ ಕೊಡಲೇಬೇಕು ಎಂದಿತು ತೀರ್ಪು. ಬ್ಯಾಂಕಿನವನಾದ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಲಾಯಿತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಪರಿಹಾರದ ಲೆಕ್ಕದಲ್ಲಿ ಬ್ಯಾಂಕುಗಳ ಖ್ಯಾತಿಮೌಲ್ಯವನ್ನು ಬಿಟ್ಟದ್ದು ಸರಿಯಲ್ಲ, ಉದ್ದಿಮೆಯನ್ನು ಉದ್ದಿಮೆಯಾಗಿ ಬೆಲೆ ಕಟ್ಟದೆ ಬಿಡಿ ಸ್ವತ್ತುಗಳಾಗಿ ನೋಡಿದ್ದು ತಪ್ಪು ಎಂದು 1970ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. ಸಂಸತ್ತು ಮರುವರ್ಷವೇ 25ನೇ ತಿದ್ದುಪಡಿ ತಂದು ಸಂವಿಧಾನದ ಆ ವಿಧಿಯಲ್ಲಿದ್ದ 'ಪರಿಹಾರ' ಎಂಬ ಪದವನ್ನೇ ತೆಗೆದು 'ಮೊತ್ತ' ಎಂದು ಬರೆಯಿತು. ರಾಷ್ಟ್ರೀಕರಣ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಅದರಿಂದ ಅನ್ನ ಉಂಡ ನಾನು ಅದರ ವಿರುದ್ಧ ಮಾತಾಡಲಾರೆ. ಆದರೆ ಬ್ಯಾಂಕಿನ ಷೇರುದಾರರ ವಿಷಯದಲ್ಲಿ ಕಂಡ ಸತ್ಯ, ಲೇತಿನ ಮುಂದೆ ನಿಂತವನ ವಿಷಯದಲ್ಲಿ ಕಾಣದೆ ಹೋಗಬಾರದಲ್ಲವೆ?

ದೊಡ್ಡವರು ಇದನ್ನು ಮೊದಲೇ ಬರೆಸಿಕೊಳ್ಳುತ್ತಾರೆ. ಸಿಂಗೂರಿನಿಂದ ಹೊರನಡೆದ ಟಾಟಾ ಮೋಟರ್ಸ್ ಹೂಡಿದ್ದ ಬಂಡವಾಳದ ನಷ್ಟಕ್ಕೆ ಪಶ್ಚಿಮ ಬಂಗಾಳದ ಕೈಗಾರಿಕಾ ಅಭಿವೃದ್ಧಿ ನಿಗಮ 765.78 ಕೋಟಿ ರೂಪಾಯಿಯನ್ನು ಶೇ 11ರ ಬಡ್ಡಿಯೊಂದಿಗೆ ಕೊಡಬೇಕೆಂದು ಮಧ್ಯಸ್ಥಿಕೆ ಮಂಡಳಿ 2023ರ ಅಕ್ಟೋಬರಿನಲ್ಲಿ ಹೇಳಿತು. ಅದು ಒಪ್ಪಂದದ ಬಲ. ಪೀಣ್ಯದ ಒಂದು ಶೆಡ್ಡಿನವನಿಗೆ ಒಪ್ಪಂದದ ಬಲವಿಲ್ಲ, ಕಾನೂನಿನ ಬಲವಷ್ಟೇ.

ಎದುರು ವಾದವನ್ನೂ ಕೇಳೋಣ. ಪರಿಹಾರದ ಹಣ ಸರ್ಕಾರದ ಅಪ್ಪನ ಮನೆಯದಲ್ಲ, ಅದು ನಮ್ಮೆಲ್ಲರ ತೆರಿಗೆ. ಯೋಜನೆಯ ಸುಳಿವು ಸಿಕ್ಕೊಡನೆ ಮುರುಕು ಯಂತ್ರಗಳನ್ನು ತಂದು ನೆಟ್ಟು ಪಟ್ಟಿ ಬೆಳೆಸುವವರಿದ್ದಾರೆ. ಲಾಭ ನಷ್ಟದ ಮಾತಿಗೆ ಬಂದರಂತೂ ವರಮಾನ ತೆರಿಗೆಯವರಿಗೆ ತೋರಿಸುವ ಪುಸ್ತಕ ಒಂದು, ಬ್ಯಾಂಕಿಗೆ ತೋರಿಸುವುದು ಇನ್ನೊಂದು. ಈ ಎರಡನೆಯ ಪುಸ್ತಕವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೆರಿಗೆಗೆ ಸದಾ ನಷ್ಟದಲ್ಲಿದ್ದ ಕಾರ್ಖಾನೆ ಪರಿಹಾರದ ಅರ್ಜಿಯಲ್ಲಿ ಮಾತ್ರ ಬಂಗಾರದ ಮೊಟ್ಟೆ ಇಡುತ್ತದೆ. ಹೀಗಿರುವಾಗ ಅಧಿಕಾರಿ ಗಳಿಕೆಯ ಬಾಬಿಗೆ ಸಾಕ್ಷ್ಯವಿಲ್ಲವೆಂದು ಸೊನ್ನೆ ಬರೆದರೆ ಅವನನ್ನೇ ದೂರುವುದು ಹೇಗೆ? ಹೆಚ್ಚು ಬರೆದರೆ ಲೆಕ್ಕಪರಿಶೋಧನೆಯ ಆಕ್ಷೇಪ, ಕೆಲವೊಮ್ಮೆ ಲೋಕಾಯುಕ್ತ. ಕಡಿಮೆ ಬರೆದರೆ ಯಾರೂ ಕೇಳುವುದಿಲ್ಲ, ಬೇಕಾದವನು ನ್ಯಾಯಾಲಯಕ್ಕೆ ಹೋಗಲಿ.

ಈ ವಾದದಲ್ಲಿ ಹುರುಳಿದೆ. ಆದರೆ ಇದು ಇಪ್ಪತ್ತು ವರ್ಷಗಳ ಹಿಂದೆ ಇದ್ದಷ್ಟು ಬಲವಾಗಿ ಇಂದು ಉಳಿದಿಲ್ಲ. 2017ರ ಜುಲೈನಿಂದ ಜಿಎಸ್‌ಟಿ ಬಂದ ಮೇಲೆ ನೋಂದಾಯಿತ ಉದ್ದಿಮೆಯೊಂದು ಎಷ್ಟು ಮಾರಿತು ಎಂಬುದು ಸರ್ಕಾರದ ಕಂಪ್ಯೂಟರಿನಲ್ಲಿಯೇ ಇದೆ. ಎಷ್ಟು ಯಂತ್ರ ಓಡಿತು ಎಂಬುದಕ್ಕೆ ವಿದ್ಯುತ್ ಬಿಲ್ಲಿಗಿಂತ ಬೇರೆ ಸಾಕ್ಷಿ ಬೇಡ. ಎಷ್ಟು ಜನ ದುಡಿದರು ಎಂಬುದನ್ನು ಭವಿಷ್ಯನಿಧಿಯ ಚಲನ್ ಹೇಳುತ್ತದೆ. ಇವೆಲ್ಲ ಅಧಿಸೂಚನೆಗೆ ಹಿಂದಿನ ಮೂರು ವರ್ಷಗಳವು ಆಗಿದ್ದರೆ ಪರಿಹಾರಕ್ಕಾಗಿ ಸೃಷ್ಟಿಸಿದ್ದೆಂಬ ಅನುಮಾನಕ್ಕೂ ಎಡೆಯಿಲ್ಲ. ಜಿಎಸ್‌ಟಿ ತಪ್ಪಿಸಲು ಮಾರಾಟ ಮುಚ್ಚಿಟ್ಟವನು ಪರಿಹಾರದಲ್ಲಿ ಅಷ್ಟು ಕಳೆದುಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರಾಮಾಣಿಕನಿಗೆ ಸಾಕ್ಷ್ಯವಿಲ್ಲವೆಂದು ಹೇಳುವ ಅಧಿಕಾರ, ಸಾಕ್ಷ್ಯವನ್ನೆಲ್ಲ ತನ್ನ ಬಳಿಯೇ ಇಟ್ಟುಕೊಂಡ ಸರ್ಕಾರಕ್ಕೆ ಈಗ ಇಲ್ಲ.

ಆಗಬೇಕಾದ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕಾರ್ಖಾನೆಯ ನೆಲವನ್ನು ತೆಗೆದುಕೊಳ್ಳುವಾಗ ಐತೀರ್ಪಿನಲ್ಲಿ ನೆಲ, ಕಟ್ಟಡ, ನೆಟ್ಟ ಯಂತ್ರ, ಉಳಿದ ಭಾಗಕ್ಕಾದ ಹಾನಿ, ಸ್ಥಳಾಂತರದ ವೆಚ್ಚ, ಗಳಿಕೆಯ ನಷ್ಟ ಎಂದು ಪ್ರತಿಯೊಂದು ಬಾಬಿಗೂ ಒಂದು ಸಾಲು ಇರಲೇಬೇಕೆಂದು ಕಂದಾಯ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಸೊನ್ನೆ ಬರೆಯುವುದಾದರೆ ಸೊನ್ನೆಗೆ ಕಾರಣವನ್ನೂ ಬರೆಯಬೇಕು. ಯಂತ್ರದ ಬೆಲೆ ಕಟ್ಟಲು ತೋಟಗಾರಿಕೆ ಇಲಾಖೆಯಂತೆಯೇ ಒಬ್ಬ ಬಲ್ಲವರನ್ನು, ಬ್ಯಾಂಕುಗಳು ನಂಬುವ ನೋಂದಾಯಿತ ಮೌಲ್ಯಮಾಪಕರನ್ನೇ, ಶೆಡ್ಡು ಒಡೆಯುವ ಮುನ್ನ ಕಳುಹಿಸಬೇಕು. ಒಡೆದ ಮೇಲೆ ಅಡಿಪಾಯದ ಆಳವನ್ನು ಅಳೆಯುವವರು ಯಾರು? ಇಡಿಯಾಗಿ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕಿದೆಯೆಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ನೋಟಿಸಿನೊಳಗೆ ಅಚ್ಚು ಹಾಕಿಸಿದರೆ ಖಜಾನೆಗೆ ಒಂದು ಕಾಸೂ ಖರ್ಚಾಗುವುದಿಲ್ಲ.

ಬಾಡಿಗೆಯ ಶೆಡ್ಡಿನಲ್ಲಿ ದುಡಿಯುವವರ ಕತೆ ಇದಕ್ಕಿಂತ ದೂರ. ನೆಲದ ಪರಿಹಾರ ನೆಲದ ಒಡೆಯನಿಗೆ ಹೋಗುತ್ತದೆ, ಯಂತ್ರ ಬಾಡಿಗೆದಾರನದು. 2013ರ ಕಾಯ್ದೆ ಬಾಡಿಗೆದಾರರನ್ನೂ, ಮೂರು ವರ್ಷಗಳಿಂದ ಅಲ್ಲಿ ದುಡಿದು ಬದುಕುತ್ತಿರುವವರನ್ನೂ 'ಬಾಧಿತ ಕುಟುಂಬ'ಗಳೆಂದು ಕರೆದು ಗೌರವಿಸಿದೆ. ಗೌರವದ ಮೊತ್ತವನ್ನು ನೋಡಿದರೆ ನಗು ಬರುತ್ತದೆ. ಕೈಗಾರಿಕಾ ಕಟ್ಟಡ ಕಳೆದುಕೊಂಡು ಸ್ಥಳಾಂತರಗೊಂಡವರಿಗೆ, ಕುಶಲಕರ್ಮಿಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಕಾಯ್ದೆ ನಿಗದಿ ಮಾಡಿದ ಒಂದು ಬಾರಿಯ ನೆರವು ಕನಿಷ್ಠ 25,000 ರೂಪಾಯಿ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಹೆಚ್ಚಿಸಬಹುದು.

ನಮ್ಮ ಆ ಗ್ರಾಹಕರು ಹೆಚ್ಚಿನ ಪರಿಹಾರ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋದರು. ಒಂಬತ್ತು ವರ್ಷಗಳ ನಂತರ ನೆಲದ ದರ ಹೆಚ್ಚಾಯಿತು, ಬಡ್ಡಿಯೂ ಬಂತು. ಅಷ್ಟರಲ್ಲಿ ಪ್ರೆಸ್ಸು ಗುಜರಿಗೆ ಹೋಗಿತ್ತು, ಹಿಂದಿನ ಶೆಡ್ಡನ್ನು ಯಾರೋ ಗೋದಾಮಿಗೆ ಬಾಡಿಗೆಗೆ ಹಿಡಿದಿದ್ದರು. ಯಂತ್ರದ ಅಡಿಪಾಯದ ಬಾಬನ್ನು ಸಾಕ್ಷ್ಯವಿಲ್ಲವೆಂದು ನ್ಯಾಯಾಲಯ ತಳ್ಳಿಹಾಕಿತು. ಅದನ್ನು ಕಟ್ಟಿದ ಗುತ್ತಿಗೆದಾರನ ಬಿಲ್ಲು ಇದ್ದದ್ದು ಒಂದೇ ಪ್ರತಿ, ಸಾಲದ ದಾಖಲೆಯ ಜೊತೆಗೆ, ನಮ್ಮ ಬ್ಯಾಂಕಿನ ಕಡತದಲ್ಲಿ. ಅದನ್ನು ಕೇಳಲು ಅವರು ಬಂದಾಗ ನಾನು ಶಾಖೆಯ ದಾಖಲೆಕೋಣೆಯಲ್ಲಿ ಒಂದು ದಿನವಿಡೀ ಹುಡುಕಿದೆ. ಸಾಲ ತೀರಿ ನಿಗದಿತ ವರ್ಷಗಳು ಕಳೆದ ಹಳೆಯ ಕಡತಗಳನ್ನು ನಾಶಪಡಿಸುವ ಪಟ್ಟಿಯಲ್ಲಿ ಅದೂ ಇತ್ತು, ಕೆಳಗೆ ನನ್ನದೇ ಸಹಿ.